ಪ್ರವಾಸ ಮುಗಿದ ಮೇಲಿನ ಫ್ರಿಜ್

ಕ್ಯಾಂಪಿಂಗ್ ಫ್ರಿಜ್ ತನ್ನ ಆಯುಷ್ಯದ ಬಹುಪಾಲನ್ನು ಕಳೆಯುವುದು ಓಡದೆ. ಆಸ್ಟ್ರೇಲಿಯಾದ ಒಳನಾಡಿಗೆ ಜೀಪು ಹೂಡಿಕೊಂಡು ಹೊರಡುವ ಕುಟುಂಬದ 40 ಲೀಟರ್ ಫ್ರಿಜ್ ವರ್ಷದಲ್ಲಿ ಕೆಲವು ವಾರ ದುಡಿದು, ಉಳಿದ ತಿಂಗಳುಗಳನ್ನು ಗ್ಯಾರೇಜಿನ ಮೂಲೆಯಲ್ಲಿ ಕಳೆಯುತ್ತದೆ. ಅದು ಕೆಡುವುದೂ ಹೆಚ್ಚಾಗಿ ಆಗಲೇ. ಓಡುತ್ತಿರುವ ಫ್ರಿಜ್ ಒಂದು ಮಟ್ಟಿಗೆ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬ್ಯಾಕ್ಟೀರಿಯಾಗಳು ಮಂಕಾಗಿರುತ್ತವೆ, ಬೂಷ್ಟು ಬಲು ನಿಧಾನ ಹಬ್ಬುತ್ತದೆ, ಗಾಳಿಯಲ್ಲಿನ ತೇವ ತಣ್ಣನೆಯ ಗೋಡೆಗೆ ಹಿಮವಾಗಿ ಅಂಟಿ ಯಾವ ಜೀವಿಗೂ ಸಿಗದಂತೆ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೆ ಆ ಹಿಮ ಕರಗಿ ನೀರಾಗುತ್ತದೆ, ಪೆಟ್ಟಿಗೆ ಹೊರಗಿನಷ್ಟೇ ಬೆಚ್ಚಗಾಗುತ್ತದೆ. ಶಾಖ ಒಳಬಾರದಿರಲೆಂದು ಮಾಡಿದ ಬಿಗಿ ಮುಚ್ಚಳ ಈಗ ತೇವ ಹೊರಹೋಗದಂತೆ ತಡೆಯುತ್ತದೆ. ಫ್ರಿಜ್ ಎತ್ತಿಡುವ ಕೆಲಸದಲ್ಲಿ ಮುಕ್ಕಾಲು ಪಾಲು ನೀರನ್ನು ನಿಭಾಯಿಸುವ ಕೆಲಸ. ಉಳಿದ ಕಾಲು ಪಾಲು ಎಣ್ಣೆ, ದೂಳು, ವಿದ್ಯುತ್ತು ಮತ್ತು ಇಲಿಗಳಿಗೆ ಸೇರಿದ್ದು.

ವಾಹನದಲ್ಲಿ ಒಯ್ಯುವ ಫ್ರಿಜ್‌ಗಳಲ್ಲಿ ಮೂರು ಜಾತಿ. ಮೊದಲನೆಯದು ಮನೆಯ ಫ್ರಿಜ್‌ನಂತೆಯೇ ಕಂಪ್ರೆಸರ್ ಇರುವಂಥದ್ದು. ಆದರೆ 12 ಅಥವಾ 24 ವೋಲ್ಟಿನ ನೇರ ವಿದ್ಯುತ್ತಿನಲ್ಲಿ ಓಡುತ್ತದೆ. ಡ್ಯಾನ್‌ಫಾಸ್ ಕಂಪನಿ ರೂಪಿಸಿದ, ಈಗ ಸೆಕಾಪ್ ಹೆಸರಿನಲ್ಲಿ ಬರುವ ಬಿಡಿ-35 ಇಂಥ ಪುಟ್ಟ ಕಂಪ್ರೆಸರ್‌ಗಳಲ್ಲಿ ಹೆಸರುವಾಸಿ. ಜಪಾನಿನ ಸವಾಫುಜಿ ಕಂಪನಿ ಎಂಗೆಲ್ ಫ್ರಿಜ್‌ಗಳಿಗೆ ಮಾಡಿಕೊಡುವ ಯಂತ್ರದ ದಾರಿ ಬೇರೆ: ಅದರಲ್ಲಿ ತಿರುಗುವ ಮೋಟಾರ್ ಇಲ್ಲ, ವಿದ್ಯುತ್ಕಾಂತ ಮತ್ತು ಸ್ಪ್ರಿಂಗ್‌ಗಳ ನಡುವೆ ಪಿಸ್ಟನ್ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತದೆ. ಎರಡನೆಯ ಜಾತಿ ಹೀರಿಕೆಯ ಫ್ರಿಜ್. ಅಡುಗೆ ಅನಿಲದ ಪುಟ್ಟ ಜ್ವಾಲೆಯಿಂದ ತಂಪು ಹುಟ್ಟಿಸುತ್ತದೆ. ಮೂರನೆಯದು, ವಿದ್ಯುತ್ತು ಹರಿದಾಗ ಫಲಕದ ಒಂದು ಬದಿ ತಣ್ಣಗಾಗುವ ಪೆಲ್ಟಿಯೇ ಪರಿಣಾಮವನ್ನು ನಂಬಿದ ಅಗ್ಗದ ತಂಪುಪೆಟ್ಟಿಗೆ. ಬೆಲೆ, ಬಳಕೆ, ಬಾಳಿಕೆ ಮೂರರಲ್ಲೂ ಮುಂದಿರುವುದು ಕಂಪ್ರೆಸರ್ ಜಾತಿಯೇ ಆದ್ದರಿಂದ ಇಲ್ಲಿಯ ವಿವರಣೆ ಹೆಚ್ಚಾಗಿ ಅದರ ಸುತ್ತಲೇ ಇದೆ. ಉಳಿದೆರಡರ ವಿಶೇಷ ತೊಂದರೆಗಳು ಕೊನೆಯಲ್ಲಿ ಬರುತ್ತವೆ.

ಮೊದಲ ಕೆಲಸ ಹಿಮ ಕರಗಿಸುವುದು. ಪೆಟ್ಟಿಗೆ ಖಾಲಿ ಮಾಡಿ, ಮುಚ್ಚಳ ತೆರೆದು, ಹಳೆಯ ಟವೆಲ್ ಹಾಸಿ ಬಿಟ್ಟರೆ ಕೆಲವು ಗಂಟೆಗಳಲ್ಲಿ ತಾನಾಗಿ ಕರಗುತ್ತದೆ. ಅವಸರವಿದ್ದರೆ ಬಿಸಿನೀರಿನ ಪಾತ್ರೆ ಒಳಗಿಡಬಹುದು. ಚಾಕುವಿನಿಂದ ಕೆರೆಯುವುದು ಮಾತ್ರ ಕೂಡದು. ತಂಪಾಗಿಸುವ ಕೊಳವೆ ಕೆಲವು ಮಾದರಿಗಳಲ್ಲಿ ತೆಳು ಅಲ್ಯುಮಿನಿಯಂ ಫಲಕದ ರೂಪದಲ್ಲಿ ಒಳಗೇ ಕಾಣುತ್ತದೆ; ಹಲವು ಮಾದರಿಗಳಲ್ಲಿ ಒಳಗೋಡೆಯ ಹಿಂದೆ ಅಡಗಿರುತ್ತದೆ. ಎರಡರಲ್ಲೂ ಸೂಜಿಮೊನೆಯಷ್ಟು ತೂತು ಬಿದ್ದರೆ ತಂಪು ತರುವ ಅನಿಲವೆಲ್ಲ ಹೋಗಿ ಫ್ರಿಜ್ ಬರೀ ಡಬ್ಬವಾಗುತ್ತದೆ. ದೀಪ ಅಥವಾ ಕೊಕ್ಕೆ ಸಿಕ್ಕಿಸಲು ಗೋಡೆಗೆ ಸ್ಕ್ರೂ ಕೊರೆಯುವವರೂ ಇದೇ ರೀತಿ ಪೆಟ್ಟು ತಿನ್ನುತ್ತಾರೆ.

ಕರಗಿದ ನೀರಿನಲ್ಲಿ ಬರೀ ನೀರು ಇರುವುದಿಲ್ಲ. ಮಾಂಸದ ಪೊಟ್ಟಣದಿಂದ ಸೋರಿದ ರಸ, ಚೆಲ್ಲಿದ ಹಾಲು, ಬಾಟಲಿಯ ತಳದ ಮಣ್ಣು ಎಲ್ಲವೂ ತಳದ ಮೂಲೆಗೆ, ಕಂಪ್ರೆಸರ್‌ಗೆಂದು ಬಿಟ್ಟ ಮೆಟ್ಟಿಲಿನ ಅಂಚಿಗೆ, ನೀರು ಹೊರಬಿಡುವ ಬಿರಡೆಯ ತೂತಿಗೆ ಇಳಿದಿರುತ್ತವೆ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೌಮ್ಯ ಸೋಪು, ಮೆತ್ತನೆಯ ಬಟ್ಟೆ ಇಷ್ಟು ಸಾಕು. ಬಿರಡೆಯನ್ನು ಬಿಚ್ಚಿ ಅದರ ರಬ್ಬರ್ ಬಳೆಯ ಅಡಿಯನ್ನೂ ಒರೆಸಬೇಕು. ಮುಚ್ಚಳದ ಸುತ್ತಲ ಗ್ಯಾಸ್ಕೆಟ್‌ನ ಮಡಿಕೆಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಅನುಕೂಲ. ಲಿಸ್ಟೀರಿಯಾದಂಥ ಬ್ಯಾಕ್ಟೀರಿಯಾ ಫ್ರಿಜ್‌ನ ತಂಪಿನಲ್ಲೂ ಬೆಳೆಯಬಲ್ಲದು. ಅಂಥವಕ್ಕೆ ಈ ಮಡಿಕೆಗಳೇ ನೆಲೆ. ನೀರಿನ ಪೈಪು ಹಿಡಿದು ಇಡೀ ಪೆಟ್ಟಿಗೆಯ ಮೇಲೆ ಚಿಮ್ಮಿಸುವ ಅಭ್ಯಾಸ ಬೇಡ. ಕಂಪ್ರೆಸರ್ ಪಕ್ಕದ ಗಾಳಿಕಿಂಡಿಗಳ ಹಿಂದೆಯೇ ಎಲೆಕ್ಟ್ರಾನಿಕ್ ಫಲಕ ಇರುತ್ತದೆ.

ವಾಸನೆಯ ವಿಷಯ ಬಂದಾಗ ಎಲ್ಲರೂ ಅಡುಗೆ ಸೋಡಾದ ಡಬ್ಬಿ ಹುಡುಕುತ್ತಾರೆ. ಅದು ಕೆಲವು ವಾಸನೆಗಳಿಗೆ ಮಾತ್ರ ಮದ್ದು. ಹಳಸಿದ ಹಾಲು, ಬೆಣ್ಣೆಗಳ ನಾತಕ್ಕೆ ಕಾರಣ ಬ್ಯುಟಿರಿಕ್ ಮೊದಲಾದ ಆಮ್ಲಗಳು. ಅಡುಗೆ ಸೋಡಾ ದುರ್ಬಲ ಪ್ರತ್ಯಾಮ್ಲ. ಆಮ್ಲದೊಡನೆ ಸೇರಿ ಸೋಡಿಯಂ ಲವಣವಾಗುತ್ತದೆ, ಆ ಲವಣ ಗಾಳಿಗೆ ಹಾರುವುದಿಲ್ಲ, ಹಾಗಾಗಿ ಮೂಗಿಗೆ ತಲುಪುವುದಿಲ್ಲ. ಮೀನಿನ ಕತೆ ತಿರುಗುಮುರುಗು. ಸಮುದ್ರದ ಮೀನಿನ ಮೈಯಲ್ಲಿರುವ ಟ್ರೈಮಿಥೈಲಮೈನ್ ಆಕ್ಸೈಡ್ ಎಂಬ ವಾಸನೆಯಿಲ್ಲದ ವಸ್ತುವನ್ನು ಬ್ಯಾಕ್ಟೀರಿಯಾಗಳು ಟ್ರೈಮಿಥೈಲಮೈನ್ ಆಗಿ ಮಾರ್ಪಡಿಸುತ್ತವೆ. ಅದು ಪ್ರತ್ಯಾಮ್ಲ. ಅದರ ಮೇಲೆ ಸೋಡಾ ಸುರಿದರೆ ಪ್ರತ್ಯಾಮ್ಲಕ್ಕೆ ಪ್ರತ್ಯಾಮ್ಲ ಕೂಡಿಸಿದಂತೆ, ಏನೂ ಆಗದು. ನೀರು ಬೆರೆಸಿದ ವಿನಿಗರ್ ಅಥವಾ ನಿಂಬೆರಸ ಒರೆಸಿದರೆ ಅಮೈನ್ ಲವಣವಾಗಿ ಸುಮ್ಮನಾಗುತ್ತದೆ. ಕರಾವಳಿಯ ಅಡುಗೆಮನೆಗಳಲ್ಲಿ ಮೀನಿನ ಪಾತ್ರೆಗೆ ಹುಣಸೆಹಣ್ಣು ಉಜ್ಜುವುದರ ಹಿಂದಿರುವುದೂ ಇದೇ ರಸಾಯನ. ಯಾವ ವಾಸನೆ ಎಂದು ಗೊತ್ತಾಗದಿದ್ದರೆ ಎರಡನ್ನೂ ಪ್ರಯೋಗಿಸಬಹುದು, ಆದರೆ ಒಂದಾದ ಮೇಲೊಂದು, ನಡುವೆ ನೀರಿನಿಂದ ಒರೆಸಿ. ಕೂಡಿಸಿ ಹಾಕಿದರೆ ಅವು ಪರಸ್ಪರ ಕೊಂದುಕೊಂಡು ನೊರೆ ಮಾತ್ರ ಉಳಿಯುತ್ತದೆ.

ಒಳಗೋಡೆಯ ಪ್ಲಾಸ್ಟಿಕ್ ತಾನೇ ವಾಸನೆ ಹೀರಿಕೊಂಡಿದ್ದರೆ ಒರೆಸುವುದರಿಂದ ತೀರದು. ಪಾಲಿಪ್ರೊಪಿಲೀನ್, ಪಾಲಿಎಥಿಲೀನ್‌ಗಳು ಎಣ್ಣೆಯಂಶವಿರುವ ವಾಸನಾ ಅಣುಗಳನ್ನು ತಮ್ಮೊಳಗೆ ಕರಗಿಸಿಟ್ಟುಕೊಂಡು ವಾರಗಟ್ಟಲೆ ಮೆಲ್ಲಗೆ ಬಿಡುತ್ತವೆ. ಅದಕ್ಕೆ ಕಾಲ, ಗಾಳಿ, ಬಿಸುಪು ಇವೇ ಔಷಧ. ಅಗಲ ತಟ್ಟೆಯಲ್ಲಿ ಹರಡಿದ ಸಕ್ರಿಯ ಇದ್ದಿಲು ಸ್ವಲ್ಪ ನೆರವಾಗುತ್ತದೆ, ಆಮ್ಲ ಪ್ರತ್ಯಾಮ್ಲವೆಂಬ ಭೇದ ಅದಕ್ಕಿಲ್ಲ. ಬ್ಲೀಚ್ ಬಗ್ಗೆ ಎಚ್ಚರ ಬೇಕು: ಅದರ ಕ್ಲೋರೈಡ್ ಸ್ಟೇನ್‌ಲೆಸ್ ಉಕ್ಕು ಮತ್ತು ಅಲ್ಯುಮಿನಿಯಂ ಮೇಲೆ ಚುಕ್ಕೆಚುಕ್ಕೆಯಾಗಿ ತುಕ್ಕು ಕೊರೆಯುತ್ತದೆ, ವಿನಿಗರ್ ಜೊತೆ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಕಿತ್ತಳೆ ಸಿಪ್ಪೆಯ ಸಾರವಿರುವ ಪರಿಮಳದ ಕ್ಲೀನರ್‌ಗಳೂ ನಿರಪಾಯವಲ್ಲ. ಅವುಗಳಲ್ಲಿನ ಲಿಮೊನೀನ್ ಎಬಿಎಸ್, ಪಾಲಿಸ್ಟೈರೀನ್‌ನಂಥ ಪ್ಲಾಸ್ಟಿಕ್‌ಗಳನ್ನು ಮೆದುಗೊಳಿಸಿ ಕೂದಲೆಳೆಯ ಬಿರುಕು ತರುತ್ತದೆ.

ಆ ಬಿರುಕು ಬರೀ ಅಂದಗೇಡಲ್ಲ. ಗೋಡೆಯೊಳಗಿನ ಪಾಲಿಯುರೆಥೇನ್ ನೊರೆಯ ಉಷ್ಣವಾಹಕತೆ ಮೀಟರಿಗೆ, ಡಿಗ್ರಿಗೆ ಸುಮಾರು 0.022ರಿಂದ 0.025 ವ್ಯಾಟ್. ನೀರಿನದು ಸುಮಾರು 0.6, ಅಂದರೆ ಇಪ್ಪತ್ತೈದು ಪಟ್ಟು. ಫ್ರಿಜ್ ಓಡುವಾಗ ಒಳಗೋಡೆ ತಣ್ಣಗಿರುವುದರಿಂದ ಬಿರುಕಿನ ಮೂಲಕ ಹೊಕ್ಕ ನೀರಾವಿ ನೊರೆಯ ಪಕ್ಕದಲ್ಲೇ ಹನಿಗಟ್ಟುತ್ತದೆ. ಮುಚ್ಚಿದ ಕೋಶಗಳ ನೊರೆಯಾದ್ದರಿಂದ ಬೇಗ ಒದ್ದೆಯಾಗುವುದಿಲ್ಲ, ಆದರೆ ಒಮ್ಮೆ ಒದ್ದೆಯಾದರೆ ಒಣಗುವುದೂ ಇಲ್ಲ. ಹಳೆಯ ಫ್ರಿಜ್ ಕಾರಣವಿಲ್ಲದೆ ಭಾರವಾಗಿದೆ, ಬ್ಯಾಟರಿಯನ್ನು ಮೊದಲಿಗಿಂತ ಬೇಗ ಹೀರುತ್ತಿದೆ ಎನಿಸಿದರೆ ಇದೂ ಒಂದು ಸಂಶಯ.

ತೊಳೆದ ಮೇಲೆ ಒಣಗಿಸುವುದು. ಇಲ್ಲಿ ಒಂದು ಸಣ್ಣ ಲೆಕ್ಕ ಬಹಳ ಹೇಳುತ್ತದೆ. 30 ಡಿಗ್ರಿಯ ಗಾಳಿ ಪ್ರತಿ ಘನಮೀಟರಿಗೆ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. 40 ಲೀಟರ್ ಎಂದರೆ ಘನಮೀಟರಿನ ಇಪ್ಪತ್ತೈದನೆಯ ಒಂದು ಪಾಲು. ಹಾಗಾಗಿ ಮುಚ್ಚಿದ ಪೆಟ್ಟಿಗೆಯ ಗಾಳಿಯನ್ನು ಪೂರ್ತಿ ತೇವದಿಂದ ತುಂಬಲು ಬೇಕಾದ ನೀರು ಬರೀ 1.2 ಗ್ರಾಂ, ಟೀ ಚಮಚದ ಕಾಲು ಭಾಗ. ಒರೆಸಿದ ಬಟ್ಟೆ ಬಿಟ್ಟುಹೋದ ತೆಳು ಪಸೆ, ಗ್ಯಾಸ್ಕೆಟ್ ಮಡಿಕೆಯಲ್ಲಿ ಉಳಿದ ನಾಲ್ಕು ಹನಿ ಸೇರಿದರೆ ಅದಕ್ಕಿಂತ ಹೆಚ್ಚಾಗುತ್ತದೆ. ಕಣ್ಣಿಗೆ ಒಣಗಿದಂತೆ ಕಾಣುವ ಪೆಟ್ಟಿಗೆಯ ಮುಚ್ಚಳ ಬಿಗಿದರೆ ಒಳಗಿನ ಸಾಪೇಕ್ಷ ಆರ್ದ್ರತೆ ನೂರರ ಹತ್ತಿರ ನಿಂತುಬಿಡುತ್ತದೆ. ಬೂಷ್ಟಿಗೆ ಬೇಕಾದ್ದು ಮೇಲ್ಮೈಯಲ್ಲಿ ಸುಮಾರು 70ರಿಂದ 80ಕ್ಕೆ ಮೀರಿದ ಆರ್ದ್ರತೆ ಮತ್ತು ಅಷ್ಟಿಷ್ಟು ಜಿಡ್ಡು. ಆಸ್ಪರ್ಜಿಲಸ್, ಪೆನಿಸಿಲಿಯಂ, ಕ್ಲಾಡೊಸ್ಪೋರಿಯಂ ಬೀಜಕಗಳು ಎಲ್ಲ ಗಾಳಿಯಲ್ಲೂ ತೇಲುತ್ತಿರುವುದರಿಂದ ಅವನ್ನು ಹೊರಗಿಡುವ ಯೋಚನೆಯೇ ವ್ಯರ್ಥ.

ಆದ್ದರಿಂದ ಮುಚ್ಚಳ ಸದಾ ತುಸು ತೆರೆದಿರಬೇಕು. ಕೆಲವು ತಯಾರಕರು ಚಿಲಕದಲ್ಲೇ ಇದಕ್ಕೊಂದು ಹಲ್ಲು ಕೊಟ್ಟಿರುತ್ತಾರೆ. ಇಲ್ಲದಿದ್ದರೆ ಅಂಚಿಗೆ ಸುರುಳಿ ಸುತ್ತಿದ ಬಟ್ಟೆಯೋ ಮರದ ತುಂಡೋ ಸಾಕು. ತಳದ ಬಿರಡೆ ತೆಗೆದಿಟ್ಟರೆ ಕೆಳಗಿನಿಂದ ಗಾಳಿ ನುಗ್ಗಿ ಮೇಲಿನಿಂದ ಹೊರಬೀಳುವ ದಾರಿ ಸಿಗುತ್ತದೆ. ಆ ತೂತಿಗೆ ಸೊಳ್ಳೆಪರದೆಯ ಚೂರು ಕಟ್ಟದಿದ್ದರೆ ಜಿರಳೆಗೂ ಅದೇ ದಾರಿ. ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಳ ತೆರೆದಿಡುವುದು ಅರ್ಥವಿಲ್ಲದ ಕೆಲಸ. ಅದು ಗ್ಯಾರೇಜಿನ ಇಡೀ ಗಾಳಿಯನ್ನು ಒಣಗಿಸಲು ಹೊರಟು ಒಂದೆರಡು ದಿನದಲ್ಲಿ ಸೋಲುತ್ತದೆ. ಜೆಲ್ ಬಳಸುವುದಾದರೆ ಪೆಟ್ಟಿಗೆಯನ್ನು ಮೊದಲು ಪೂರ್ತಿ ಒಣಗಿಸಿ, ನಂತರ ಬಿಗಿಯಾಗಿ ಮುಚ್ಚಬೇಕು. ಎರಡರಲ್ಲಿ ಒಂದು.

ತೆರೆದ ಮುಚ್ಚಳಕ್ಕೆ ಇನ್ನೊಂದು ಮುಖವಿದೆ. ಚಿಲಕವಿದ್ದ ಹಳೆಯ ಫ್ರಿಜ್‌ಗಳೊಳಗೆ ಆಟವಾಡಲು ಹೊಕ್ಕ ಮಕ್ಕಳು ಉಸಿರುಗಟ್ಟಿ ಸತ್ತ ಪ್ರಕರಣಗಳು ಹೆಚ್ಚಿದ್ದರಿಂದಲೇ ಅಮೆರಿಕ 1956ರಲ್ಲಿ ರೆಫ್ರಿಜರೇಟರ್ ಸುರಕ್ಷತಾ ಕಾಯ್ದೆ ತಂದಿತು. ಒಳಗಿನಿಂದ ತಳ್ಳಿದರೆ ತೆರೆಯುವ ಬಾಗಿಲು 1958ರಿಂದ ಅಲ್ಲಿ ಕಡ್ಡಾಯವಾಯಿತು. ಮನೆಯ ಫ್ರಿಜ್‌ಗಳಲ್ಲಿ ಚಿಲಕದ ಬದಲು ಆಯಸ್ಕಾಂತದ ಪಟ್ಟಿ ಸಾಮಾನ್ಯವಾದದ್ದು ಆ ಬಳಿಕ. ಕುಲುಕಾಟದಲ್ಲಿ ಮುಚ್ಚಳ ಹಾರದಿರಲೆಂದು ಕ್ಯಾಂಪಿಂಗ್ ಫ್ರಿಜ್‌ಗಳಲ್ಲಿ ಇಂದಿಗೂ ಗಟ್ಟಿ ಚಿಲಕವೇ ಇದೆ, ಮತ್ತು ದೊಡ್ಡ ಮಾದರಿಗಳಲ್ಲಿ ಪುಟ್ಟ ಮಗು ಕೂರುವಷ್ಟು ಜಾಗವಿದೆ. ಮಕ್ಕಳಿರುವ ಮನೆಯಲ್ಲಿ ಮುಚ್ಚಳದ ಅಡಿಗೆ ಸುಮ್ಮನೆ ಬಟ್ಟೆ ತುರುಕಿದರೆ ಸಾಲದು. ಸೀಳು ತೆರೆದೇ ಇದ್ದು, ಮುಚ್ಚಳ ಮೇಲೇಳದ ಹಾಗೆಯೂ ಪೂರ್ತಿ ಮುಚ್ಚಿಕೊಳ್ಳದ ಹಾಗೆಯೂ ಪಟ್ಟಿ ಬಿಗಿಯಬೇಕು. ಬಿಚ್ಚಲು ಬರುವ ಮಾದರಿಯಾದರೆ ಮುಚ್ಚಳವನ್ನೇ ಕಳಚಿ ಪಕ್ಕದಲ್ಲಿಡುವುದು ಇನ್ನೂ ಒಳ್ಳೆಯದು.

ಹೊರಗಿನ ಗಾಳಿಯೇ ತೊಪ್ಪೆಯಾಗಿರುವ ಕಡೆ ಏನು ಮಾಡುವುದು? ಆಸ್ಟ್ರೇಲಿಯಾದ ಉತ್ತರ ತುದಿಯ ಡಾರ್ವಿನ್‌ನ ಮಳೆಗಾಲದಲ್ಲಿ, ಹಾಗೆಯೇ ನಮ್ಮ ಮಲೆನಾಡು, ಕರಾವಳಿಗಳ ಜುಲೈ ತಿಂಗಳಲ್ಲಿ, ಮುಚ್ಚಳ ಎಷ್ಟು ತೆರೆದರೂ ಒಳಗೆ ಬರುವುದು ಒದ್ದೆ ಗಾಳಿಯೇ. ಅಲ್ಲಿ ತೇವವನ್ನು ಓಡಿಸುವುದಕ್ಕಿಂತ ಗಾಳಿಯನ್ನು ಬೆಚ್ಚಗಿಡುವುದು ಸುಲಭ. 25 ಡಿಗ್ರಿಯಲ್ಲಿ 90 ಪ್ರತಿಶತ ಆರ್ದ್ರತೆಯಿರುವ ಗಾಳಿಯನ್ನು, ಒಂದು ಹನಿ ನೀರನ್ನೂ ತೆಗೆಯದೆ, 30 ಡಿಗ್ರಿಗೆ ಏರಿಸಿದರೆ ಸಾಪೇಕ್ಷ ಆರ್ದ್ರತೆ ಸುಮಾರು 67ಕ್ಕೆ ಇಳಿಯುತ್ತದೆ, ಬೂಷ್ಟಿನ ಗಡಿಯಿಂದ ಕೆಳಗೆ. ಮಲೆನಾಡಿನ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿಟ್ಟ ಕಾಳುಕಡಿ ಮಳೆಗಾಲ ದಾಟುವುದಕ್ಕೆ ಹೊಗೆಯ ಜೊತೆಗೆ ಈ ಕೆಲವು ಡಿಗ್ರಿಗಳ ಬಿಸುಪೂ ಕಾರಣ. ಫ್ರಿಜ್ ವಿಷಯದಲ್ಲಿ ಅದನ್ನು ಮನೆಯೊಳಗಿನ ಬೆಚ್ಚನೆಯ ಕೋಣೆಯಲ್ಲಿಡುವುದು ಅಥವಾ ಮಳೆಗಾಲವಿಡೀ ಮನೆಯ ಎರಡನೆಯ ಫ್ರಿಜ್ ಆಗಿ ಓಡಿಸಿಬಿಡುವುದು ಲೇಸು. ಎರಡನೆಯದು ವಿದ್ಯುತ್ ಬಿಲ್ಲಿಗೆ ತುಸು ಭಾರ, ಯಂತ್ರಕ್ಕೆ ಭಾರವೇನಲ್ಲ.

ಗ್ಯಾಸ್ಕೆಟ್ ರಬ್ಬರಿನದೋ ಮೆದು ಪಿವಿಸಿಯದೋ ಆಗಿರುತ್ತದೆ. ತಿಂಗಳುಗಟ್ಟಲೆ ಒತ್ತಿಹಿಡಿದರೆ ಅದು ಒತ್ತಿದ ಆಕಾರವನ್ನೇ ತನ್ನದಾಗಿಸಿಕೊಂಡು ಮತ್ತೆ ಉಬ್ಬುವುದಿಲ್ಲ. ಮುಚ್ಚಳ ತೆರೆದಿಡಲು ಇದು ಇನ್ನೊಂದು ಕಾರಣ, ಫ್ರಿಜ್ ಮೇಲೆ ಟೆಂಟು ಕುರ್ಚಿಗಳನ್ನು ಪೇರಿಸದಿರಲೂ. ಒಣಗಿಸಿದ ಮೇಲೆ ಟಾಲ್ಕಂ ಪುಡಿಯನ್ನೋ ಸಿಲಿಕೋನ್ ಗ್ರೀಸನ್ನೋ ತೆಳ್ಳಗೆ ಸವರಬಹುದು. ಪೆಟ್ರೋಲಿಯಂ ಜೆಲ್ಲಿ, ಎಂಜಿನ್ ಗ್ರೀಸ್ ಬೇಡ, ಅವು ಹಲವು ಬಗೆಯ ರಬ್ಬರನ್ನು ಊದಿಸುತ್ತವೆ. ಬಿಗಿ ಪರೀಕ್ಷೆಗೆ ಒಂದು ನೋಟು ಸಾಕು. ಮುಚ್ಚಳದಡಿ ನೋಟು ಸಿಕ್ಕಿಸಿ ಎಳೆದಾಗ ಸಲೀಸಾಗಿ ಬಂದರೆ ಅಲ್ಲಿ ಹಿಡಿತವಿಲ್ಲ.

ಇನ್ನು ಯಂತ್ರದ ಮಾತು. ಕ್ಯಾಂಪಿಂಗ್ ಫ್ರಿಜ್‌ಗಳನ್ನು ತಿಂಗಳಿಗೊಮ್ಮೆ ಓಡಿಸದಿದ್ದರೆ ಸೀಲು ಒಣಗಿ ಅನಿಲ ಸೋರುತ್ತದೆ ಎಂಬ ನಂಬಿಕೆ ಬಲವಾಗಿದೆ. ಇದು ಕಾರಿನ ಎಸಿಯಿಂದ ಎರವಲು ಬಂದ ಮಾತು. ಕಾರಿನ ಕಂಪ್ರೆಸರ್ ಎಂಜಿನ್ ಬೆಲ್ಟಿನಿಂದ ತಿರುಗುವ ದಂಡವನ್ನು ಹೊರಕ್ಕೆ ಚಾಚಿಕೊಂಡಿರುತ್ತದೆ. ದಂಡ ಹೊರಬರುವ ತೂತಿನ ಸೀಲಿಗೆ ಎಣ್ಣೆಯ ಪಸೆ ಬೇಕು, ನಿಂತರೆ ಅದು ಒಣಗುತ್ತದೆ. ಫ್ರಿಜ್‌ನ ಕಂಪ್ರೆಸರ್‌ನಲ್ಲಿ ಮೋಟಾರೂ ಪಂಪೂ ಒಂದೇ ಬೆಸುಗೆ ಹಾಕಿದ ಉಕ್ಕಿನ ಚಿಪ್ಪಿನೊಳಗಿವೆ. ಹೊರಬರುವ ದಂಡವೇ ಇಲ್ಲ, ಒಣಗಲು ಸೀಲೂ ಇಲ್ಲ. ಎರಡು ಮೂರು ತಿಂಗಳಿಗೊಮ್ಮೆ ಅರ್ಧ ದಿನ ಓಡಿಸಿ ನೋಡುವುದು ಒಳ್ಳೆಯ ಅಭ್ಯಾಸವೇ, ಆದರೆ ಅದರ ಲಾಭ ದೋಷವನ್ನು ಮೊದಲೇ ಕಂಡುಹಿಡಿಯುವುದರಲ್ಲಿದೆ, ಯಂತ್ರದ ವ್ಯಾಯಾಮದಲ್ಲಿ ಅಲ್ಲ.

ಅನಿಲ ಸೋರುವುದಿದ್ದರೆ ನಿಂತಾಗಲೂ ಸೋರುತ್ತದೆ. ಆರಿದ ಫ್ರಿಜ್‌ನಲ್ಲಿ ಹೆಚ್ಚೊತ್ತಡದ ಬದಿ, ಕಡಿಮೆ ಒತ್ತಡದ ಬದಿ ಎಂಬ ಭೇದ ಅಳಿದು ಎಲ್ಲೆಡೆ ಒಂದೇ ಒತ್ತಡ ನಿಲ್ಲುತ್ತದೆ: 30 ಡಿಗ್ರಿಯಲ್ಲಿ ಕೊಳವೆಯೊಳಗೆ ದ್ರವ ಉಳಿದಿರುವವರೆಗೆ ಆರ್-134ಎ ಅನಿಲ ತುಂಬಿದ್ದರೆ ಸುಮಾರು 7.7 ಬಾರ್, ಐಸೊಬ್ಯುಟೇನ್ ಆದರೆ ಸುಮಾರು 4 ಬಾರ್. ಎರಡೂ ವಾತಾವರಣದ ಒತ್ತಡಕ್ಕಿಂತ ಹೆಚ್ಚು. ಐಸೊಬ್ಯುಟೇನ್‌ನದು ಇನ್ನೊಂದು ತಂಟೆ. ಅದು ಕುದಿಯುವುದು ಮೈನಸ್ 11.7 ಡಿಗ್ರಿಯಲ್ಲಿ. ಫ್ರಿಜ್ ಓಡುವಾಗ ತಂಪು ಕೊಳವೆ ಅದಕ್ಕಿಂತ ಕೆಳಗಿಳಿದರೆ ಒಳಗಿನ ಒತ್ತಡ ಹೊರಗಿಗಿಂತ ಕಡಿಮೆಯಾಗಿ, ತೂತಿದ್ದರೆ ಗಾಳಿಯನ್ನೂ ತೇವವನ್ನೂ ಒಳಗೆಳೆದುಕೊಳ್ಳುತ್ತದೆ. ನಿಂತಾಗ ಅನಿಲ ಹೊರಗೆ, ಓಡುವಾಗ ಗಾಳಿ ಒಳಗೆ. ಈ ಅನಿಲ ಹೊತ್ತಿಕೊಳ್ಳುವಂಥದ್ದು. ಪುಟ್ಟ ಫ್ರಿಜ್‌ಗಳಲ್ಲಿ ಇರುವುದು ಕೆಲವು ಹತ್ತು ಗ್ರಾಂ ಮಾತ್ರವಾದರೂ, ನೀರು ಕಾಯಿಸುವ ಬಾಯ್ಲರಿನ ಜ್ವಾಲೆಯ ಪಕ್ಕದ ಗೂಡು ಫ್ರಿಜ್ ಇಡಲು ತಕ್ಕ ಜಾಗವಲ್ಲ. ಕೊಳವೆಯ ಬೆಸುಗೆಯ ಬಳಿ ದೂಳು ಜಿಡ್ಡಾಗಿ ಅಂಟಿದ್ದರೆ ಅದು ಸೋರಿಕೆಯ ಗುರುತು, ಏಕೆಂದರೆ ಅನಿಲದ ಜೊತೆ ಕಂಪ್ರೆಸರ್ ಎಣ್ಣೆಯೂ ತುಸು ಹೊರಬರುತ್ತದೆ. ಒಳನಾಡಿನ ಮಣ್ಣುರಸ್ತೆಗಳ ಅಲೆಅಲೆ ಮೇಲ್ಮೈ ಮೇಲೆ ದಿನಗಟ್ಟಲೆ ಅದುರಿದ ತಾಮ್ರ ದಣಿದು ಬಿರಿಯುವುದು ಸಾಮಾನ್ಯವಾಗಿ ಇಂಥ ಕೂಡುಜಾಗಗಳಲ್ಲೇ.

ಆ ಎಣ್ಣೆಯ ಕಾರಣಕ್ಕೇ ಫ್ರಿಜ್ ನೆಟ್ಟಗಿರಬೇಕು. ಎಣ್ಣೆ ಕಂಪ್ರೆಸರ್‌ನ ತಳದಲ್ಲಿ ಕೊಳದಂತೆ ನಿಂತಿರುತ್ತದೆ. ಜಾಗ ಉಳಿಸಲೆಂದು ಫ್ರಿಜ್ ಅನ್ನು ಪಕ್ಕಕ್ಕೆ ಮಲಗಿಸಿದರೆ ಎಣ್ಣೆ ಕೊಳವೆಗಳಿಗೆ ಹರಿದುಹೋಗುತ್ತದೆ. ಆಗಲೇ ಚಾಲೂ ಮಾಡಿದರೆ ಎರಡು ಅನಾಹುತ: ಉಜ್ಜುವ ಭಾಗಗಳಿಗೆ ಎಣ್ಣೆ ಇಲ್ಲ, ಅನಿಲವನ್ನಷ್ಟೇ ಒತ್ತಬಲ್ಲ ಪಿಸ್ಟನ್‌ಗೆ ದ್ರವ ಅಡ್ಡ ಬರುತ್ತದೆ. ದ್ರವ ಕುಗ್ಗುವುದಿಲ್ಲ, ತೆಳು ಉಕ್ಕಿನ ಕವಾಟ ಮುರಿಯುತ್ತದೆ. ಮಲಗಿಸಿ ಸಾಗಿಸಬೇಕಾಗಿ ಬಂದರೆ ನಂತರ ಹಲವು ಗಂಟೆ, ಬಹುಕಾಲ ಮಲಗಿದ್ದರೆ ಒಂದು ಇಡೀ ದಿನ, ನೆಟ್ಟಗೆ ನಿಲ್ಲಿಸಿ ಎಣ್ಣೆ ಮರಳಿದ ಮೇಲೆ ಓಡಿಸಬೇಕು.

ದೂಳಿನ ಪಾಲು ಚಿಕ್ಕದೇನಲ್ಲ. ಆಸ್ಟ್ರೇಲಿಯಾದ ಒಳನಾಡಿನ ಕೆಂಪು ಹುಡಿಮಣ್ಣು ಗಾಳಿಕಿಂಡಿ, ಫ್ಯಾನು, ಕಂಡೆನ್ಸರ್ ರೆಕ್ಕೆಗಳ ನಡುವೆ ಕಂಬಳಿಯಾಗಿ ಕೂತುಬಿಡುತ್ತದೆ. ಶಾಖ ಹೊರಹೋಗಲು ದಾರಿ ಕಮ್ಮಿಯಾದಷ್ಟೂ ಅನಿಲದ ಒತ್ತಡ ಏರುತ್ತದೆ, ಕಂಪ್ರೆಸರ್ ಹೆಚ್ಚು ಹೊತ್ತು, ಹೆಚ್ಚು ಕರೆಂಟು ಎಳೆದು ದುಡಿಯುತ್ತದೆ. ಮೆದು ಬ್ರಷ್ ಮತ್ತು ವ್ಯಾಕ್ಯೂಮ್ ಸಾಕು. ಕಡಲತೀರದ ಪ್ರವಾಸ ಮುಗಿಸಿ ಬಂದ ಫ್ರಿಜ್‌ನ ಹೊರಮೈಯನ್ನು ಸಿಹಿನೀರಿನ ಒದ್ದೆ ಬಟ್ಟೆಯಿಂದ ಒರೆಸದಿದ್ದರೆ ಉಪ್ಪು ಗಾಳಿಯ ತೇವವನ್ನು ಹೀರಿಕೊಂಡು ತಿಂಗಳುಗಟ್ಟಲೆ ಸ್ಕ್ರೂ, ಕೀಲುಗಳನ್ನು ತಿನ್ನುತ್ತಿರುತ್ತದೆ. ಬಿಚ್ಚಿದ ಕೈಯಲ್ಲೇ ಸಡಿಲಾದ ಸ್ಕ್ರೂಗಳನ್ನು ಬಿಗಿಯುವುದು ಒಳಿತು.

ಫ್ರಿಜ್ ಕೆಟ್ಟಿದೆ ಎಂದು ರಿಪೇರಿಗೆ ಬರುವ ಎಷ್ಟೋ ದೂರುಗಳ ಮೂಲ ತಂತಿಯಲ್ಲಿರುತ್ತದೆ. ಬಿಡಿ-35ರಂಥ ಕಂಪ್ರೆಸರ್‌ನ ನಿಯಂತ್ರಕ ಬ್ಯಾಟರಿಯನ್ನು ಕಾಯಲು ತನಗೆ ತಲುಪುವ ವೋಲ್ಟೇಜ್ ನೋಡುತ್ತಿರುತ್ತದೆ. ಮೂಲ ಹೊಂದಾಣಿಕೆಯಲ್ಲಿ 10.4 ವೋಲ್ಟಿಗೆ ಇಳಿದಾಗ ನಿಲ್ಲಿಸಿ, 11.7ಕ್ಕೆ ಏರಿದ ಮೇಲೆ ಮತ್ತೆ ಓಡಿಸುತ್ತದೆ. ಅದು ಅಳೆಯುವುದು ಬ್ಯಾಟರಿಯ ಬಾಯಲ್ಲಲ್ಲ, ತಂತಿಯ ಈ ತುದಿಯಲ್ಲಿ. 2.5 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿ 6 ಮೀಟರ್ ಹೋಗಿ 6 ಮೀಟರ್ ಹಿಂದೆ ಬರುವಾಗ 5 ಆಂಪಿಯರ್ ಹರಿದರೆ 0.4 ವೋಲ್ಟ್ ದಾರಿಯಲ್ಲೇ ಕಳೆಯುತ್ತದೆ. ಸಿಗರೇಟ್ ಲೈಟರ್ ಮಾದರಿಯ ಪ್ಲಗ್‌ನ ಮೂತಿಯಲ್ಲಿ ಹಸಿರು ಕಿಲುಬು ಹಿಡಿದು 0.1 ಓಮ್ ರೋಧ ಹುಟ್ಟಿದರೆ ಇನ್ನೂ ಅರ್ಧ ವೋಲ್ಟ್ ಹೋಯಿತು. ಹಾಗೆ ಹೋದ 2.5 ವ್ಯಾಟ್ ಅದೇ ಪುಟ್ಟ ಮೂತಿಯಲ್ಲಿ ಶಾಖವಾಗಿ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಎತ್ತಿಡುವ ಮೊದಲು ಪ್ಲಗ್ ಮೂತಿ, ಅದರೊಳಗಿನ ಫ್ಯೂಸ್ ಮತ್ತು ಸ್ಪ್ರಿಂಗ್‌ಗಳನ್ನು ಒಣಬಟ್ಟೆಯಿಂದ ಉಜ್ಜಿ, ತಂತಿಯನ್ನು ದೊಡ್ಡ ಸುರುಳಿಯಾಗಿ ಸುತ್ತಬೇಕು. ಅಲುಗಾಟದಲ್ಲಿ ಸಡಿಲಾಗುವ ಈ ಪ್ಲಗ್ ಬದಲು ಗಟ್ಟಿಯಾಗಿ ಕಚ್ಚಿಕೊಳ್ಳುವ ಆ್ಯಂಡರ್ಸನ್ ಪ್ಲಗ್ ಹಾಕಿಸಿಕೊಳ್ಳುವುದು ಅನುಭವಿಗಳ ರೂಢಿ.

ಬ್ಯಾಟರಿಗೆ ಜೋಡಿಸಿಯೇ ಇಡುವುದು ಸೋಮಾರಿತನದ ದುಬಾರಿ ರೂಪ. ಪರದೆ, ಬ್ಲೂಟೂತ್, ನಿಯಂತ್ರಕ ಎಲ್ಲ ಸೇರಿ 20 ಮಿಲಿಆಂಪಿಯರ್ ಎಳೆಯುತ್ತವೆ ಎಂದುಕೊಂಡರೂ ತಿಂಗಳಿಗೆ 14 ಆಂಪಿಯರ್-ಗಂಟೆ ಖರ್ಚು. ಅರ್ಧ ಖಾಲಿಯಾಗಿ ನಿಂತ ಸೀಸ-ಆಮ್ಲ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳುಗಳಾಗಿ ಬೆಳೆದು ಮತ್ತೆ ಕರಗಲು ಒಪ್ಪುವುದಿಲ್ಲ. ಅದನ್ನು ಪೂರ್ತಿ ಚಾರ್ಜ್ ಮಾಡಿ, ಸಂಪರ್ಕ ಬಿಡಿಸಿ, ವೋಲ್ಟೇಜ್ 12.4ಕ್ಕೆ ಇಳಿದಾಗಲೆಲ್ಲ ಮತ್ತೆ ತುಂಬಬೇಕು. ಕೆಲವು ಫ್ರಿಜ್‌ಗಳ ಹೊಟ್ಟೆಯಲ್ಲಿರುವ ಲಿಥಿಯಂ ಬ್ಯಾಟರಿಯ ಸ್ವಭಾವ ಬೇರೆ. ಪೂರ್ತಿ ತುಂಬಿ ಬಿಸಿ ಜಾಗದಲ್ಲಿಟ್ಟರೆ ಬೇಗ ಮುದಿಯಾಗುತ್ತದೆ. ಅರ್ಧದಷ್ಟು ಚಾರ್ಜ್ ಇಟ್ಟು, ಕಳಚಿ, ಮನೆಯೊಳಗೆ ತಂಪಾದ ಕಪಾಟಿನಲ್ಲಿಡುವುದು ಸರಿ.

ಇನ್ನು ಉಳಿದೆರಡು ಜಾತಿಗಳು. ಪಂಪಿಲ್ಲದ ಹೀರಿಕೆಯ ಫ್ರಿಜ್ ಅನ್ನು 1922ರಲ್ಲಿ ಸ್ಟಾಕ್‌ಹೋಮ್‌ನ ಇಬ್ಬರು ತಂತ್ರಜ್ಞಾನ ವಿದ್ಯಾರ್ಥಿಗಳು, ಬಾಲ್ಟ್‌ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ರೂಪಿಸಿದರು. ಅಮೋನಿಯಾ, ನೀರು, ಹೈಡ್ರೋಜನ್ ಸೇರಿದ ಈ ಯಂತ್ರದಲ್ಲಿ ಚಲಿಸುವ ಭಾಗವೇ ಇಲ್ಲ. ದ್ರವಗಳು ಶಾಖವನ್ನೂ ಇಳಿಜಾರನ್ನೂ ನಂಬಿ ಹರಿಯುತ್ತವೆ. ಓರೆಯಾಗಿ ನಿಂತಲ್ಲಿ ಓಡಿಸಿದರೆ ಹರಿವು ನಿಂತು ಜ್ವಾಲೆಯ ಮೇಲಿನ ಬಾಯ್ಲರ್ ಅತಿಯಾಗಿ ಕಾದು, ಉಕ್ಕು ತುಕ್ಕು ಹಿಡಿಯದಿರಲೆಂದು ಸೇರಿಸಿದ ಸೋಡಿಯಂ ಕ್ರೋಮೇಟ್ ಹರಳುಗಟ್ಟಿ ಕೊಳವೆಯನ್ನು ಕಟ್ಟುತ್ತದೆ. ಫ್ರಿಜ್ ತಲೆಕೆಳಗು ಮಾಡಿ ಅಲುಗಿಸಿ ಬದುಕಿಸುವ ಹಳೆಯ ಉಪಾಯ ಕೆಲವೊಮ್ಮೆ ಫಲಿಸುತ್ತದೆ, ಹಲವು ಸಲ ಇಲ್ಲ. ಹಿಂಬದಿಯಲ್ಲಿ ಹಳದಿ ಪುಡಿ ಕಂಡರೆ ಅಥವಾ ಅಮೋನಿಯಾ ಘಾಟು ಬಂದರೆ ಘಟಕ ಸತ್ತಂತೆಯೇ. ಕ್ರೋಮೇಟ್ ವಿಷವಾದ್ದರಿಂದ ಬರಿಗೈ ತಾಗಿಸಬಾರದು. ನಿಂತ ತಿಂಗಳುಗಳಲ್ಲಿ ಇದರ ಮುಖ್ಯ ಶತ್ರು ಜೇಡ. ಬರ್ನರ್ ಕೊಳವೆಯಲ್ಲಿ ಬಲೆ ನೇಯ್ದರೆ ಗಾಳಿ ಸಾಲದೆ ಜ್ವಾಲೆ ಹಳದಿಯಾಗಿ ಮಸಿಯೂ ಕಾರ್ಬನ್ ಮಾನಾಕ್ಸೈಡೂ ಹುಟ್ಟುತ್ತವೆ. ಜೇಡಗಳ ಈ ಕೊಳವೆಪ್ರೀತಿ ಸಣ್ಣ ವಿಷಯವಲ್ಲ. ಇಂಧನ ಟ್ಯಾಂಕಿನ ಗಾಳಿಕೊಳವೆಯಲ್ಲಿ ಹಳದಿ ಚೀಲಜೇಡಗಳ ಬಲೆ ಸಿಕ್ಕಿದ್ದಕ್ಕೆ 2011ರಲ್ಲಿ ಮಾಜ್ದಾ ಕಂಪನಿ ಅಮೆರಿಕದಲ್ಲಿ ಸಾವಿರಾರು ಕಾರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಬರ್ನರ್ ಅನ್ನು ಬ್ರಷ್‌ನಿಂದ ಸ್ವಚ್ಛ ಮಾಡಬಹುದು, ಆದರೆ ಅನಿಲ ಚಿಮ್ಮುವ ಜೆಟ್‌ನ ತೂತಿಗೆ ಸೂಜಿ ತೂರಿಸಬಾರದು. ತೂತು ಕೂದಲೆಳೆಯಷ್ಟು ಅಗಲವಾದರೂ ಜ್ವಾಲೆಯ ಲೆಕ್ಕ ತಪ್ಪುತ್ತದೆ. ಸಿಲಿಂಡರ್ ಕಳಚಿ, ಹೊರಗೆ ಗಾಳಿಯಾಡುವಲ್ಲಿ ನೆಟ್ಟಗಿಡಬೇಕು.

ಪೆಲ್ಟಿಯೇ ಪೆಟ್ಟಿಗೆಯಲ್ಲಿ ಎಣ್ಣೆಯಿಲ್ಲ, ಅನಿಲವಿಲ್ಲ. ಹೇಗೆ ಮಲಗಿಸಿದರೂ ನಡೆಯುತ್ತದೆ. ಫ್ಯಾನುಗಳ ದೂಳು ತೆಗೆದು, ಒಣಗಿಸಿ ಇಟ್ಟರೆ ಮುಗಿಯಿತು. ಹೊರಗಿಗಿಂತ ಸುಮಾರು 20 ಡಿಗ್ರಿಯಷ್ಟೇ ತಂಪು ಕೊಡಬಲ್ಲ ಈ ಪೆಟ್ಟಿಗೆಯಿಂದ 40 ಡಿಗ್ರಿಯ ಬಿಸಿಲಲ್ಲಿ ಹಾಲು ಉಳಿಯುವ ನಿರೀಕ್ಷೆ ಇಟ್ಟುಕೊಳ್ಳದಿದ್ದರೆ ಆಯಿತು.

ಎಲ್ಲ ಜಾತಿಗೂ ಜಾಗದ ಆಯ್ಕೆ ಒಂದೇ: ನೆರಳು, ಒಣ ನೆಲ, ತಳದಡಿ ಎರಡು ಮರದ ಪಟ್ಟಿ, ಮೇಲೆ ಹತ್ತಿಯ ಹೊದಿಕೆ. ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಮುಚ್ಚಳ ತೆರೆದಿಟ್ಟದ್ದೇ ವ್ಯರ್ಥ. ತಗಡಿನ ಶೆಡ್ ಬೇಸಿಗೆಯಲ್ಲಿ ಹೊರಗಿಗಿಂತ ಬಹಳ ಬಿಸಿಯಾಗಿ ಗ್ಯಾಸ್ಕೆಟ್, ಕೆಪಾಸಿಟರ್‌ಗಳ ಆಯುಷ್ಯ ತಿನ್ನುತ್ತದೆ. ಇಲಿಗಳಿಗೆ ಕಂಪ್ರೆಸರ್ ಗೂಡು ಸಿದ್ಧಮನೆ. ತಂತಿಯ ಹೊದಿಕೆ ಕಡಿಯುವುದು ಅವಕ್ಕೆ ಹಲ್ಲು ಸವೆಸುವ ಕೆಲಸ. ಗಾಳಿಕಿಂಡಿಗೆ ತಾತ್ಕಾಲಿಕವಾಗಿ ತಂತಿಜಾಲರಿ ಕಟ್ಟಿ, ಓಡಿಸುವ ಮೊದಲು ಮರೆಯದೆ ಬಿಚ್ಚಬೇಕು.

ಮುಂದಿನ ಪ್ರವಾಸಕ್ಕೆ ಎರಡು ವಾರ ಮುಂಚೆ ಪರೀಕ್ಷೆ. ಖಾಲಿ ಫ್ರಿಜ್ ಅನ್ನು ಮನೆಯ ವಿದ್ಯುತ್ತಿಗೆ ಜೋಡಿಸಿ, ನಡುವೆ ನೀರಿನ ಲೋಟದಲ್ಲಿ ಥರ್ಮಾಮೀಟರ್ ಇಟ್ಟು, ಕೋಣೆಯ ಉಷ್ಣತೆಯಿಂದ 4 ಡಿಗ್ರಿಗೆ ಇಳಿಯಲು ಹಿಡಿದ ಸಮಯವನ್ನು ಬರೆದಿಡಬೇಕು. ಫ್ರಿಜ್‌ನ ಪರದೆ ತೋರಿಸುವ ಸಂಖ್ಯೆ ಗೋಡೆಯ ಸಂವೇದಕದ್ದು, ಆಹಾರದ್ದಲ್ಲ. ಎರಡರ ನಡುವೆ ಕೆಲವು ಡಿಗ್ರಿ ಅಂತರ ಸಹಜ. ಹೊಸದರಲ್ಲಿ ಮಾಡಿದ ಇದೇ ಪರೀಕ್ಷೆಯ ಟಿಪ್ಪಣಿ ಮುಚ್ಚಳದ ಒಳಮೈಗೆ ಅಂಟಿಸಿದ್ದರೆ ಹೋಲಿಕೆ ಸುಲಭ. ಈಗ ಹೆಚ್ಚು ಸಮಯ ಹಿಡಿದರೆ ಮೊದಲು ಕಂಡೆನ್ಸರ್ ದೂಳು, ಆಮೇಲೆ ಗ್ಯಾಸ್ಕೆಟ್, ಅನಂತರ ನೊರೆಯ ತೇವ ಎಂಬ ಕ್ರಮದಲ್ಲಿ ಹುಡುಕಬೇಕು. ಕಂಪ್ರೆಸರ್ ನಿಲ್ಲದೆ ಓಡುತ್ತಿದ್ದು, ಎಳೆಯುವ ಕರೆಂಟು ಮೊದಲಿಗಿಂತ ಕಡಿಮೆಯಾಗಿದ್ದು, ತಂಪೂ ಇಲ್ಲವಾದರೆ ಒತ್ತಲು ಅನಿಲವೇ ಉಳಿದಿಲ್ಲ ಎಂದು ಸಂಶಯಿಸಬಹುದು. ಬಳಿಕ ಒಂದು ರಾತ್ರಿ ಅದನ್ನು ವಾಹನದ ಸ್ವಂತ ತಂತಿಯಿಂದಲೇ ಓಡಿಸಿ ನೋಡಬೇಕು, ಏಕೆಂದರೆ ಮನೆಯ ಗೋಡೆಯ ಪ್ಲಗ್‌ನಲ್ಲಿ ವೋಲ್ಟೇಜ್ ನಷ್ಟದ ದೋಷ ಕಾಣಿಸಿಕೊಳ್ಳುವುದೇ ಇಲ್ಲ. ಸೋರಿಕೆ ಖಚಿತವಾದರೆ ಬೆಸುಗೆ, ನಿರ್ವಾತ, ಮರುಭರ್ತಿ ಮೂರೂ ತರಬೇತಿ ಪಡೆದ ಮೆಕ್ಯಾನಿಕ್‌ನ ಕೆಲಸ, ಮತ್ತು ಆ ಎರಡು ವಾರಗಳ ಅಂತರ ಬೇಕಾಗುವುದು ಅದಕ್ಕೇ.